ಬಿಡದಿಯ ಹತ್ತು ಕಾರ್ಡು

"ಸಾರಿ ಸರ್, ಇದರಲ್ಲೂ ಸೊನ್ನೆ."

ರಿಸೆಪ್ಷನ್ನಿನ ಸಂಘಮಿತ್ರ ಎಂಟನೆಯ ಕಾರ್ಡನ್ನು ಕೌಂಟರಿನ ಮೇಲಿಟ್ಟಳು. ದನಿ ತಗ್ಗಿಸಿಯೇ ಹೇಳಿದ್ದಳು. ಆದರೂ ಲಾಬಿಯಲ್ಲಿದ್ದವರಿಗೆಲ್ಲ ಕೇಳಿಸಿತು.

ಶನಿವಾರ ಮಧ್ಯಾಹ್ನ. ದೇವನಹಳ್ಳಿ ಹೊರವಲಯದ ಆ ಹೋಟೆಲಿನ ತುಂಬ ಮುಳಬಾಗಿಲಿನಿಂದ ಬಂದ ಗಂಡಿನ ಕಡೆಯವರು. ಸೂಟ್‌ಕೇಸು, ಹೂವಿನ ಬುಟ್ಟಿ, ನಿದ್ದೆಗಣ್ಣಿನ ಮಕ್ಕಳು. ಸಂಜೆ ಆರತಕ್ಷತೆ, ಬೆಳಗಾದರೆ ಮುಹೂರ್ತ. ಹೆಣ್ಣಿನ ತಂದೆ ಅಪ್ಪಯ್ಯಣ್ಣ ಬೀಗರಿಗೆ ಬಿಡದಿ ಕೊಟ್ಟಿದ್ದು ಇಲ್ಲೇ. ಛತ್ರದ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಡುವ ಕಾಲ ಹೋಯಿತು, ನಮ್ಮ ಬೀಗರು ಎಸಿಯಲ್ಲೇ ಮಲಗಬೇಕು ಎಂದು ಆತ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಎಣಿಸಿ ಕ್ಯಾಶ್ ಕಟ್ಟಿದ್ದೀನಿ ಎಂದೂ ಹೇಳಿದ್ದ. ಗಿಫ್ಟ್ ಕಾರ್ಡಿನ ವಿಷಯ ಮಾತ್ರ ಹೇಳಿರಲಿಲ್ಲ. ಬೀಗರ ಮುಂದೆ ಅದನ್ನೆಲ್ಲ ಹೇಳುವುದುಂಟೆ?

ಅದು ಮಗ ಸುನಿಲ್‌ಕುಮಾರನ ಉಪಾಯ. ಹುಡುಗ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರು. ಅವನ ಜೊತೆಯ ಸಿದ್ದರಾಜು ಅಲ್ಲಿನ ನೌಕರರ ಸಂಘದ ಲೆಕ್ಕ ನೋಡುತ್ತಿದ್ದ. ಹೋಟೆಲಿನವರದೇ ಗಿಫ್ಟ್ ಕಾರ್ಡು ಸಂಘದ ಮೂಲಕ ರಿಯಾಯಿತಿಯಲ್ಲಿ ಸಿಗುತ್ತಿತ್ತು. ಒಂದೊಂದರಲ್ಲಿ ಹತ್ತು ಸಾವಿರ. ರೂಮು ಬುಕ್ ಮಾಡುವಾಗ ಕ್ಯಾಶ್‌ಬ್ಯಾಕ್ ಸೈಟಿನೊಳಗಿಂದ ಹೋದರೆ ಇನ್ನೊಂದಿಷ್ಟು ವಾಪಸ್. ಕೌಂಟರಿನಲ್ಲಿ ಕಾರ್ಡು ಕೊಡಬೇಕು. ಬೆನ್ನ ಮೇಲಿನ ಬೆಳ್ಳಿ ಪಟ್ಟಿ ಕೆರೆದು, ಒಳಗಿನ ಗುಟ್ಟಿನ ನಂಬರು ಒತ್ತಿದರೆ ಬಿಲ್ಲು ಚುಕ್ತಾ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

ಈಗ ಹತ್ತರಲ್ಲಿ ಎಂಟು ಕಾರ್ಡು ಖಾಲಿ. ಉಳಿದೆರಡನ್ನು ಕೆರೆಯಲು ಸಂಘಮಿತ್ರಳಿಗೇ ಮನಸ್ಸು ಬರಲಿಲ್ಲ.

"ಏನಂತೆ ಬೀಗರೇ?" ಗಂಡಿನ ತಂದೆ ಹತ್ತಿರ ಬಂದರು.

ಅಪ್ಪಯ್ಯಣ್ಣ ಬೀಗರಿಗೆ ಉತ್ತರ ಕೊಡುವ ಬದಲು ಗಿರ್ರನೆ ತಿರುಗಿದ. ಬೀಗರ ಲಗೇಜು ಇಳಿಸುತ್ತಿದ್ದ ಸಿದ್ದರಾಜುವಿನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಾರಿಸಿದ.

"ಖಾಲಿ ಕಾರ್ಡ್ ಕೊಟ್ಯೇನೋ ನನ್ಗೆ? ನಿಮ್ಮೋರ್ನ ಮನೆ ಬಾಗ್ಲು ದಾಟಿಸಿದ್ದೇ ನನ್ನ ತಪ್ಪು ಕಣೋ!"

ಆ 'ನಿಮ್ಮೋರು' ಎಂದರೆ ಯಾರೆಂದು ಬಿಡಿಸಿ ಹೇಳಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಸುನಿಲ್ ನೆಲ ನೋಡಿದ. ಸಿದ್ದರಾಜು ಕೆನ್ನೆ ಮುಟ್ಟಿಕೊಳ್ಳಲಿಲ್ಲ.

"ಯಜಮಾನ್ರೇ, ಸೀಲ್ ಮಾಡಿದ್ ಕವರ್ ಕೊಟ್ಟಿದೀನಿ ನಾನು," ಎಂದ ಅಷ್ಟೆ.

ಆಗ ಗುಂಪು ಸರಿಸಿಕೊಂಡು ಮುಂದೆ ಬಂದವನು ಮುನಿಶಾಮಪ್ಪ. ಅಪ್ಪಯ್ಯಣ್ಣನ ಬಾಮೈದ, ಮದುಮಗಳು ಸಿಂಚನಳ ಸೋದರಮಾವ. ಹೊಸ ರೇಷ್ಮೆ ಶಲ್ಯ ಹೊದ್ದಿದ್ದ.

"ಬಿಡಿ ಭಾವ, ಮಾನ ಕಳ್ಕೋಬೇಡಿ. ನಾನಿಲ್ವಾ? ಬಿಲ್ಲೆಷ್ಟಮ್ಮ?"

ಫೋನು ತೆಗೆದು ಕೌಂಟರಿನಲ್ಲಿ ಹಿಡಿದ. ಟಿಂಗ್ ಎಂದಿತು. ಬೀಗರ ಕಡೆಯ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು: ಸೋದರಮಾವ ಅಂದ್ರೆ ಹಿಂಗಿರಬೇಕು.

ಅಷ್ಟರಲ್ಲಿ ಹೊಡೆದಾಟವೆಂದು ಹೆದರಿದ ಮ್ಯಾನೇಜರು ಪೊಲೀಸರಿಗೆ ಫೋನ್ ಮಾಡಿಯಾಗಿತ್ತು.

*

ಸಬ್ ಇನ್‌ಸ್ಪೆಕ್ಟರ್ ಆಶಾರಾಣಿ ಬಂದದ್ದು ಬೇಗ, ಮಾತು ಕಡಿಮೆ. ಬಂದವಳೇ ಮ್ಯಾನೇಜರನ ಕೋಣೆ ತೆರೆಸಿದಳು. ಸಿದ್ದರಾಜುವನ್ನು ಒಳಗೆ ನಿಲ್ಲಿಸಿಕೊಂಡು ಅವನ ಫೋನು ತೆಗೆದುಕೊಂಡಳು. ಉಳಿದವರಿಗೆ ಹೊರಗೆ ಸೋಫಾ, ಕಾಫಿ.

"ಕಾರ್ಡ್ ಯಾವತ್ತು ಕೊಟ್ಟೆ?"

"ಹೋದ್ ವಾರ ಗುರುವಾರ ಮೇಡಮ್. ಸುನಿಲ್ ಕೈಗೇ."

"ಎಷ್ಟಕ್ಕೆ?"

"ಸಂಘದ್ ರೇಟು. ತೊಂಬತ್ ಸಾವ್ರ."

"ನಂಬರ್ ಬರ್ಕೊಂಡಿದ್ಯಾ?"

"ಬೆಳ್ಳಿ ಪಟ್ಟಿ ಕೆರೀದೆ ನಂಬರ್ ಕಾಣಲ್ಲ ಮೇಡಮ್. ಕೆರ್ದಿದ್ರೆ ಸುನಿಲ್ ತಗೋತಿದ್ನಾ?"

ನ್ಯಾಯವಾದ ಮಾತು. ಆದರೆ ಆಶಾರಾಣಿ ಫೋನು ವಾಪಸು ಕೊಡಲಿಲ್ಲ.

ಸಂಘಮಿತ್ರಳನ್ನು ಕರೆದಳು. ಹುಡುಗಿ ಹೆದರಿದ್ದಳು. ಕಾರ್ಡು ಕೆರೆದದ್ದು ಅವಳೇ, ಅನುಮಾನ ತನ್ನ ಮೇಲೂ ಬರಬಹುದೆಂದು ಗೊತ್ತಿತ್ತು.

"ಕಾರ್ಡಿನ್ ದುಡ್ಡು ಹೆಂಗಮ್ಮ ಮಾಯ ಆಗುತ್ತೆ?"

"ನಂಬರ್ ಗೊತ್ತಿದ್ರೆ ಸಾಕು ಮೇಡಮ್. ನಮ್ ಹೋಟೆಲ್ ಆ್ಯಪ್‌ನಲ್ಲಿ ವ್ಯಾಲೆಟ್ ಅಂತಿರುತ್ತೆ. ನಂಬರ್ ಹೊಡೆದ್ರೆ ಕಾರ್ಡಿಂದು ಅಲ್ಲಿಗೆ ಹೋಗುತ್ತೆ. ಇವು ಖಾಲಿಯಾಗಿ ಒಂದು ವಾರ ಆಗಿದೆ, ಸಿಸ್ಟಮ್ ತೋರಿಸ್ತಿದೆ."

"ಯಾರ ವ್ಯಾಲೆಟ್ಟಿಗೆ?"

"ಅದು ಹೆಡ್ ಆಫೀಸಿಗೇ ಗೊತ್ತಾಗೋದು. ಸೋಮವಾರ ತೆಗೀತಾರೆ."

ವಾರದ ಹಿಂದೆ ಕಾರ್ಡುಗಳು ಅಪ್ಪಯ್ಯಣ್ಣನ ಮನೆಯಲ್ಲಿದ್ದವು. ಸಂಘಮಿತ್ರ ಅವನ್ನು ಮೊದಲು ಕಂಡದ್ದು ಇವತ್ತು. ಆಶಾರಾಣಿ ಅವಳನ್ನು ಕಳಿಸಿಕೊಟ್ಟಳು. ಸೋಮವಾರದವರೆಗೆ ಕಾಯಬಹುದಿತ್ತು. ಆದರೆ ಅಷ್ಟರಲ್ಲಿ ಸಿದ್ದರಾಜು ಕಳ್ಳ ಎಂಬ ಮಾತು ಮದುವೆ ಮನೆಯಿಂದ ಬಾಶೆಟ್ಟಿಹಳ್ಳಿಯ ಪ್ರತಿ ಶಿಫ್ಟ್ ಬಸ್ಸನ್ನೂ ಹತ್ತಿರುತ್ತದೆ. ಸಂಘದ ಲೆಕ್ಕ ನೋಡುವವನಿಗೆ ಆ ಹೆಸರು ಅಂಟಿದರೆ ಮುಗಿಯಿತು, ಕೆಲಸವೂ ಹೋಗುತ್ತದೆ. ತಡ ಮಾಡುವಂತಿರಲಿಲ್ಲ.

*

"ನಮ್ಮನೇಲಿ ಯಾರೂ ಮುಟ್ಟಿಲ್ಲ ತಾಯಿ," ಎಂದರು ಅಪ್ಪಯ್ಯಣ್ಣನ ಹೆಂಡತಿ ಮುನಿತಾಯಮ್ಮ. ಅತ್ತು ಕಣ್ಣು ಊದಿತ್ತು. "ಬೀರುನಲ್ಲಿತ್ತು. ಬೀಗದ್ ಕೈ ನನ್ ಸೊಂಟದಲ್ಲಿ. ಹೊರಗಿನೋರು ಯಾರೂ ಒಳಕ್ಕೇ ಬಂದಿಲ್ಲ."

"ಹೊರಗಿನೋನು ಅಂದ್ರೆ ಅವ್ನೊಬ್ನೇ ಮೇಡಮ್," ಅಪ್ಪಯ್ಯಣ್ಣ ಬಾಗಿಲ ಬಳಿ ನಿಂತಿದ್ದ ಸಿದ್ದರಾಜುವಿನತ್ತ ಬೆರಳು ತೋರಿಸಿದ. "ಒಂದ್ ಲಕ್ಷ ಎಣಿಸಿ ಕೊಟ್ಟಿದೀನಿ, ಒಂದ್ ಲಕ್ಷ!"

ಆಶಾರಾಣಿ ತಲೆಯೆತ್ತಿದಳು. "ಒಂದ್ ಲಕ್ಷಾನಾ?"

"ಹೂಂ. ಹತ್ ಕಾರ್ಡು, ಹತ್ತತ್ ಸಾವ್ರ."

ಸುನಿಲ್ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕುತ್ತಿಗೆ ಒರೆಸಿಕೊಂಡ. ಆಶಾರಾಣಿ ಅವನನ್ನು ಕಿಟಕಿಯ ಬಳಿಗೆ ಕರೆದಳು.

"ತೊಂಬತ್ತಕ್ಕೆ ತಂದು ಅಪ್ಪನ ಹತ್ರ ಲಕ್ಷ ತಗೊಂಡ್ಯಾ?"

ಹುಡುಗ ತಡವರಿಸಿದ. ಆಮೇಲೆ ಎಲ್ಲ ಕಕ್ಕಿದ. ರಿಯಾಯಿತಿ ದುಡ್ಡು ಅವನ ಜೇಬಿಗೆ. ಕ್ಯಾಶ್‌ಬ್ಯಾಕ್ ಕೂಡ ಅವನ ಖಾತೆಗೇ ಬರುವಂತೆ ಬುಕ್ ಮಾಡಿದ್ದ. ಹೊಸ ಬೈಕಿಗೆ ಮೊದಲ ಕಂತು ಕಟ್ಟಿಯೂ ಆಗಿತ್ತು.

"ಕಾರ್ಡ್ ಖಾಲಿ ಮಾಡಿದ್ದು ನಾನಲ್ಲ ಮೇಡಮ್, ದೇವರಾಣೆ."

"ಅದು ಗೊತ್ತು. ಬೀಗರು ರೂಮಲ್ಲಿ ಉಳ್ಕೊಂಡು ಹೋದ್ರೆ ತಾನೆ ಕ್ಯಾಶ್‌ಬ್ಯಾಕ್ ಬರೋದು? ಬುಕಿಂಗ್ ಕೆಟ್ರೆ ನಿನಗೇ ಲಾಸು. ಅಷ್ಟು ದಡ್ಡ ಅಲ್ಲ ನೀನು." ಆಶಾರಾಣಿಯ ದನಿ ಬಿಸಿಯಾಯಿತು. "ಅಪ್ಪ ನಿನ್ನ ಸ್ನೇಹಿತನಿಗೆ ಹೊಡೆದಾಗ ನೀನ್ಯಾಕೆ ಬಾಯಿ ಬಿಡ್ಲಿಲ್ಲ?"

"ಬಾಯಿ ಬಿಟ್ಟಿದ್ರೆ ರೇಟು ಎಷ್ಟು ಅಂತ ಮಾತು ಬರ್ತಿತ್ತು," ಎಂದು ಸುನಿಲ್ ಗೊಣಗಿದ. ಹೇಳಿದ ಮೇಲೆ ಅವನಿಗೇ ಅಸಹ್ಯವಾಗಿರಬೇಕು, ಗೋಡೆಯ ಕಡೆಗೆ ತಿರುಗಿಕೊಂಡ.

*

ಆಶಾರಾಣಿ ಮೇಜಿನ ಮುಂದೆ ಕೂತು ಕೆರೆಯದೆ ಉಳಿದಿದ್ದ ಎರಡು ಕಾರ್ಡುಗಳನ್ನು ತಿರುವಿ ನೋಡಿದಳು. ಮುಂಬದಿಯಲ್ಲಿ ನೀಲಿ ಈಜುಕೊಳ, ಅದರ ದಂಡೆಯಲ್ಲಿ ಈಜುಡುಗೆ ತೊಟ್ಟು ಮಲಗಿದ ಪರದೇಶದ ಹೆಂಗಸು. ಹಿಂಬದಿಯಲ್ಲಿ ಫಳಫಳ ಹೊಳೆಯುವ ಬೆಳ್ಳಿ ಪಟ್ಟಿ. ಪಟ್ಟಿಯ ಮೇಲಂಚಿನ ಬಿಳಿ ಜಾಗದಲ್ಲಿ ಹಳದಿ, ಕೆಂಪು ಕಲೆ. ಕೆಳಂಚಿನಲ್ಲೂ ಅದೇ. ಎರಡೂ ಕಾರ್ಡಿನಲ್ಲಿ ಒಂದೇ ಜಾಗದಲ್ಲಿ.

"ಮುನಿತಾಯಮ್ಮೋರೇ, ಇದೇನಿದು?"

"ಅರಿಶಿನ ಕುಂಕುಮ ತಾಯಿ. ಶುಕ್ರವಾರ ದೇವರ ಮುಂದೆ ಇಟ್ಟು ಪೂಜೆ ಮಾಡ್ದೆ. ಮಗಳ ಮದ್ವೆ ಸಾಮಾನಲ್ವಾ, ಪೂಜೆ ಮಾಡ್ದೆ ಹಂಗೇ ಬೀರಿಗೆ ಇಡೋಕಾಗುತ್ತಾ?"

"ಹಿಂದ್ಗಡೆ ಯಾಕೆ ಇಟ್ರಿ ಬೊಟ್ಟು?"

ಮುನಿತಾಯಮ್ಮ ಇಂಥ ಹೊತ್ತಿನಲ್ಲೂ ನಾಚಿದರು. "ಮುಂದ್ಗಡೆ ಆ ಯಮ್ಮ ಬಟ್ಟೆ ಇಲ್ದೆ ಮಲಗೌಳೆ. ದೇವರಿಗೆ ಅದನ್ನ ತೋರಿಸಕಾಗುತ್ತಾ? ಬೋರ್ಲು ಹಾಕ್ದೆ. ಹಿಂದೆ ಬೆಳ್ಳಿ ಥರ ಹೊಳೀತಿತ್ತು, ಅದರ ಮೇಲೇ ಇಟ್ಟೆ. ದೊಡ್ಡ ಬೊಟ್ಟೇ ಇಟ್ಟೆ, ಪಟ್ಟಿಯಿಂದ ಆಚೀಚೆಗೂ ಮೆತ್ಕೊಂತು."

"ಬೆಳ್ಳಿ ಮೇಲೇನೇ ಇಟ್ರಾ? ಸರಿಯಾಗಿ ಹೇಳಿ."

"ಹತ್ತಕ್ಕೂ ಬೆಳ್ಳಿ ಮೇಲೇನೇ."

ಆಶಾರಾಣಿ ಮತ್ತೆ ನೋಡಿದಳು. ಬೊಟ್ಟಿನ ಮೇಲಿನ ತುದಿ ಇದೆ, ಕೆಳಗಿನ ತುದಿ ಇದೆ. ನಡುವಿನ ಬೆಳ್ಳಿ ಮಾತ್ರ ಕನ್ನಡಿಯ ಹಾಗೆ ಸ್ವಚ್ಛ. ಉಗುರಿನಿಂದ ಪಟ್ಟಿಯ ಮೂಲೆ ಮೀಟಿದಳು. ಪುಡಿಯಾಗಲಿಲ್ಲ, ಇಡೀ ಪಟ್ಟಿ ಸ್ಟಿಕ್ಕರಿನಂತೆ ಎದ್ದು ಬಂತು. ಒಳಗೆ ಹಳೆಯ ಪಟ್ಟಿಯನ್ನು ಆಗಲೇ ಕೆರೆದು ತೆಗೆಯಲಾಗಿತ್ತು.

ಸಿದ್ದರಾಜು ಕಾರ್ಡು ಕೊಟ್ಟದ್ದು ಗುರುವಾರ. ಅವನು ಕೆರೆದು ಸ್ಟಿಕ್ಕರು ಅಂಟಿಸಿದ್ದರೆ ಶುಕ್ರವಾರದ ಕುಂಕುಮ ಸ್ಟಿಕ್ಕರಿನ ಮೇಲೆ ಇರಬೇಕಿತ್ತು. ಹಾಗಾದರೆ ಕೈ ಆಡಿಸಿದ್ದು ಪೂಜೆಯ ನಂತರ.

ಅವಳಿಗೆ ತಟ್ಟನೆ ಇನ್ನೊಂದು ಹೊಳೆದು ಕಿವಿ ಬಿಸಿಯಾಯಿತು. ಬಂದಾಗಿನಿಂದ ಕಸಿದುಕೊಂಡಿದ್ದು ಒಬ್ಬನ ಫೋನು. ನಿಲ್ಲಿಸಿದ್ದು ಒಬ್ಬನನ್ನು. ಏಕವಚನ ಮೊದಲು ಬಂದಿದ್ದು ಅವನಿಗೆ. ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿಯೇ ಮಾಡಿದ್ದಳು. ಎದ್ದು ಹೋಗಿ ಫೋನು ಅವನ ಕೈಗಿಟ್ಟಳು.

"ಕೂತ್ಕೊಳ್ಳಿ ಸಿದ್ದರಾಜು."

ಸಿದ್ದರಾಜು ಅವಳನ್ನು ಒಮ್ಮೆ ನೋಡಿದ. ಕೂರಲಿಲ್ಲ.

ಆಶಾರಾಣಿ ವಾಪಸು ಬಂದು ಪ್ರಶ್ನೆಯನ್ನೇ ಬದಲಿಸಿದಳು. "ಯಾರು ಮುಟ್ಟಿದ್ರು ಅಂತ ಕೇಳಲ್ಲ ಬಿಡಿ. ಪೂಜೆ ಆದ್ಮೇಲೆ ಕಾರ್ಡು ಎಲ್ಲೆಲ್ಲಿಗೆ ಹೋಗಿತ್ತು, ಅದನ್ನ ಹೇಳಿ."

"ಎಲ್ಲಿಗೂ ಇಲ್ಲ. ಬೀರುನಲ್ಲೇ... ಅಲ್ಲ, ಮುತ್ಯಾಲಮ್ಮನ ಗುಡಿಗೆ ಹೋಗಿತ್ತು. ನಮ್ ತವರಿನ ದೇವ್ರು. ಲಗ್ನಪತ್ರಿಕೆ ಅಮ್ಮನ ಪಾದದ ಹತ್ರ ಇಡ್ಬೇಕಲ್ಲ, ಅದ್ರ ಜೊತೇಲಿ ಕಾರ್ಡೂ ಇಟ್ಟು ತರ್ಲಿ ಅಂತ ಕೊಟ್ಟು ಕಳಿಸ್ದೆ."

"ಯಾರ ಕೈಲಿ?"

"ನನ್ ತಮ್ಮನ ಕೈಲಿ. ಶನಿವಾರ ಬೆಳಿಗ್ಗೆ ತಗೊಂಡ್ ಹೋದ, ಮಾರ್ನೆ ದಿನ ತಂದ್ಕೊಟ್ಟ."

"ಮತ್ತೆ ಯಾರೂ ಮುಟ್ಟಿಲ್ಲ ಅಂದ್ರಿ?"

ಮುನಿತಾಯಮ್ಮ ಮುಗ್ಧವಾಗಿ ಕೇಳಿದರು: "ಅವನು ಯಾರೋ ಅಲ್ವಲ್ಲಮ್ಮ. ನನ್ ತಮ್ಮ."

"ತಮ್ಮ ಏನ್ ಮಾಡ್ಕೊಂಡಿದಾರೆ?"

"ಸೂಲಿಬೆಲೇಲಿ ಪ್ರಾವಿಜನ್ ಸ್ಟೋರು. ಚೆನ್ನಾಗ್ ನಡೀತದೆ. ಹಬ್ಬದಲ್ಲಿ ಗಿರಾಕಿಗಳ್ಗೆ ಲಕ್ಕಿ ಕೂಪನ್ ಕೊಡ್ತಾನೆ. ಬೆಳ್ಳಿ ಸ್ಟಿಕ್ಕರ್ ಇರುತ್ತೆ, ಕೆರೆದ್ರೆ ಬಕೆಟ್ಟು, ಕುಕ್ಕರ್..."

ಮಾತು ಅಲ್ಲಿಗೇ ನಿಂತಿತು. ಮುನಿತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

*

ಮುನಿಶಾಮಪ್ಪನನ್ನು ಕರೆಸಿದಾಗ ಅವನು ಬೀಗರ ನಡುವೆ ಕೂತು ಎಳನೀರು ಹಂಚಿಸುತ್ತಿದ್ದ. ನಗುತ್ತಲೇ ಒಳಗೆ ಬಂದ. ಅಕ್ಕ, ಭಾವ, ಸುನಿಲ್, ಸಿದ್ದರಾಜು ಎಲ್ಲರೂ ಅಲ್ಲಿದ್ದರು.

"ದೊಡ್ಡ ಉಪಕಾರ ಮಾಡಿದ್ರಿ," ಎಂದಳು ಆಶಾರಾಣಿ. "ಬಿಲ್ಲು ಎಲ್ಲಿಂದ ಕಟ್ಟಿದ್ರಿ?"

"ಬ್ಯಾಂಕಿಂದ ಮೇಡಮ್. ಅಂಗಡಿ ಅಕೌಂಟು."

"ದುಡ್ಡು ಕಟ್ಟಾಯ್ತು ಅಂತ ಬ್ಯಾಂಕಿಂದ ಮೆಸೇಜ್ ಬಂದಿರುತ್ತಲ್ಲ, ತೋರಿಸಿ."

"ನೆಟ್‌ವರ್ಕ್ ಇಲ್ಲ..."

"ರಶೀದಿ ನನ್ನ ಹತ್ರ ಇದೆ." ಆಶಾರಾಣಿ ಸಂಘಮಿತ್ರಳಿಂದ ಆಗಷ್ಟೇ ತರಿಸಿಕೊಂಡಿದ್ದ ಚೀಟಿ ಮೇಜಿನ ಮೇಲಿಟ್ಟಳು. "ಬ್ಯಾಂಕಿಂದ ಅಲ್ಲ. ಈ ಹೋಟೆಲಿನ ವ್ಯಾಲೆಟ್ಟಿಂದ. ಆ ವ್ಯಾಲೆಟ್ಟಿಗೆ ಗಿಫ್ಟ್ ಕಾರ್ಡಿಂದ ಬಿಟ್ಟರೆ ಬೇರೆ ಕಡೆಯಿಂದ ದುಡ್ಡು ಹೋಗಲ್ಲ. ಮುತ್ಯಾಲಮ್ಮನ ಗುಡಿಗೆ ಅಂತ ತಗೊಂಡು ಹೋದ ಕಾರ್ಡು ನಿಮ್ಮಂಗಡಿಯಲ್ಲಿ ಒಂದು ರಾತ್ರಿ ಇತ್ತು. ಕೆರೆದ್ರಿ. ನಂಬರ್ ಹೊಡ್ಕೊಂಡ್ರಿ. ಕೂಪನ್ ಸ್ಟಿಕ್ಕರ್ ಮೇಲೆ ಅಂಟಿಸಿದ್ರಿ. ಕೆರೆಯುವಾಗ ನಿಮ್ಮಕ್ಕ ಇಟ್ಟ ಕುಂಕುಮಾನೂ ಹೋಯ್ತು. ಅಂಚಿನದ್ದು ಉಳೀತು, ನಿಮ್ಮ ಕಣ್ಣಿಗೆ ಬೀಳ್ಲಿಲ್ಲ."

ಮುನಿಶಾಮಪ್ಪನ ಶಲ್ಯ ಜಾರಿತು. ಎತ್ತಿಕೊಳ್ಳಲಿಲ್ಲ.

"ಯಾಕೋ?" ಮುನಿತಾಯಮ್ಮ ಕೇಳಿದರು. "ದುಡ್ಡು ಬೇಕಿದ್ರೆ ಕೇಳ್ಬಾರ್ದಿತ್ತಾ?"

"ದುಡ್ಡಿಗಲ್ಲ ಕಣಕ್ಕ. ಒಂದ್ ರೂಪಾಯಿ ನಾನ್ ತಿಂದಿಲ್ಲ, ಎಲ್ಲಾ ಈ ಬಿಡದಿಗೇ ಹಾಕಿದೀನಿ." ಅವನು ಭಾವನ ಕಡೆಗೆ ತಿರುಗಿದ. "ನಿಶ್ಚಿತಾರ್ಥದ ದಿನ ಬಿಡದಿ ನಾನು ನೋಡ್ಕೋತೀನಿ, ಅದು ಸೋದರಮಾವನ ಮರ್ಯಾದೆ ಅಂದೆ. ನೀವು ನಕ್ಬಿಟ್ರಿ. 'ಉಪ್ಪು ಮೆಣಸಿನಕಾಯಿ ಮಾರೋನು ಎಸಿ ರೂಮ್ ಮಾಡ್ತಾನಂತೆ' ಅಂದ್ರಿ. ಬೀಗರೂ ನಕ್ರು. ಒಂದೇ ಒಂದ್ಸಲ ಅವರ ಮುಂದೆ ಎದೆ ಸೆಟೆಸಿ ನಿಲ್ಬೇಕು ಅನ್ನಿಸ್ತು ಭಾವ. ಅಷ್ಟೇ."

ಅಪ್ಪಯ್ಯಣ್ಣ ತಲೆ ತಗ್ಗಿಸಿದ. ಆಡಿದ್ದು ನಿಜ. ಆಡಿದ ಮೇಲೆ ಮರೆತೂ ಹೋಗಿತ್ತು.

"ಸರಿ, ಎದೆ ಸೆಟೆಸಿ ನಿಂತ್ರಿ," ಎಂದಳು ಆಶಾರಾಣಿ. "ಇವರ ಕೆನ್ನೆಗೆ ಬಿದ್ದಾಗ?"

ಕಳ್ಳತನ ಒಪ್ಪಿಕೊಂಡವನಿಗೆ ಇದನ್ನು ಒಪ್ಪಿಕೊಳ್ಳುವುದು ಆಗಲಿಲ್ಲ. ಪಕ್ಕದಲ್ಲೇ ನಿಂತಿದ್ದ. ಹೊಡೆತ ಬಿದ್ದ ಸದ್ದು ಕೇಳಿದ್ದ. ಎರಡು ಮಾತಾಡಿದ್ದರೆ ಸಾಕಿತ್ತು, ಅದನ್ನು ಬಿಟ್ಟು ಬಿಲ್ಲು ಕಟ್ಟಲು ಫೋನು ತೆಗೆದಿದ್ದ.

ಅಪ್ಪಯ್ಯಣ್ಣ ಕೈ ಮುಗಿದ. "ಮೇಡಮ್, ಮನೆ ವಿಷ್ಯ. ಇಲ್ಲೇ ಮುಚ್ಚಾಕ್ಬಿಡಿ. ಬೀಗರಿಗೆ ಗೊತ್ತಾದ್ರೆ ಬಾಮೈದ ಕಳ್ಳ, ಮಗ ಅಪ್ಪನಿಗೇ ಟೋಪಿ ಹಾಕ್ದೋನು, ನಾನು ಸುಳ್ಳುಗಾರ. ನಾಳೆ ಧಾರೆ ಇದೆ. ಕಾರ್ಡಿಂದೇ ಏನೋ ತೊಂದ್ರೆ ಆಗಿತ್ತು ಅಂತ ಹೇಳ್ಬಿಡೋಣ. ಸಿದ್ದರಾಜು, ನಿನ್ಗೆ ಏನ್ ಬೇಕೋ ಕೊಡ್ತೀನಪ್ಪಾ."

"ಅವರು ದೂರು ಕೊಟ್ರೆ ನೀವಾಡಿದ ಮಾತಿಗೆ ಜಾತಿ ನಿಂದನೆ ಅಂತ ಬೇರೇನೇ ಕೇಸಾಗುತ್ತೆ, ಗೊತ್ತಲ್ಲ?" ಎಂದಳು ಆಶಾರಾಣಿ.

ಸಿದ್ದರಾಜು ಒಂದು ಹೆಜ್ಜೆ ಮುಂದೆ ಬಂದ. "ಕೇಸಿನ್ ಮಾತು ಆಮೇಲೆ ಮೇಡಮ್. ಯಜಮಾನ್ರೇ, ನಂಗೇನೂ ಬೇಡ. ಎಲ್ರ ಮುಂದೆ ಹೊಡೆದ್ರಿ. ಎಲ್ರ ಮುಂದೆ ಹೇಳಿ."

ಅಪ್ಪಯ್ಯಣ್ಣ ಹೆಂಡತಿಯ ಮುಖ ನೋಡಿದ. ಮುನಿತಾಯಮ್ಮ ತಮ್ಮನನ್ನು ನೋಡುತ್ತಿದ್ದರು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ," ಎಂದರು. "ನಮ್ದಂತೂ ಹೋಯ್ತು. ಆ ಹುಡುಗಂದು ಯಾಕೆ ಹೋಗ್ಬೇಕು? ನಡೀರಿ, ಹೇಳಿ."

"ಇವ್ನ ಕರ್ಕೊಂಡ್ ಹೋಗ್ತಾರೆ ಕಣೇ. ನಾಳೆ ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡ್ ಬರೋ ಸೋದರಮಾವ ಯಾರು?"

"ನನ್ ಮಗಳಿಗೆ ಕಾಲಿದೆ. ನಡ್ಕೊಂಡೇ ಬರ್ತಾಳೆ."

*

ಲಾಬಿಯ ಪಕ್ಕದ ಹಾಲಿನಲ್ಲಿ ಎಲೆ ಹಾಕಿಯಾಗಿತ್ತು. ಬೀಗರು ಊಟಕ್ಕೆ ಕೂರುವುದರಲ್ಲಿದ್ದರು. ಅಪ್ಪಯ್ಯಣ್ಣ ನಡುವೆ ನಿಂತ. ಪಂಚಾಯ್ತಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದವನಿಗೆ ಮೊದಲ ಮಾತೇ ಹೊರಡಲಿಲ್ಲ.

"ನಾನು ಕ್ಯಾಶ್ ಕಟ್ಟಿದೀನಿ ಅಂದಿದ್ದು ಸುಳ್ಳು," ಎಂದ ಕೊನೆಗೆ. "ಡಿಸ್ಕೌಂಟ್ ಕಾರ್ಡು ತಂದಿದ್ದೆ. ಅದನ್ನ ಖಾಲಿ ಮಾಡಿದ್ದು ನಮ್ಮನೆಯೋರೇ, ನನ್ ಬಾಮೈದ. ಈ ಹುಡುಗ ಏನೂ ಮಾಡಿಲ್ಲ. ಅವನಿಗೆ ಹೊಡೆದೆ. ಆಡಬಾರದ ಮಾತಾಡ್ದೆ. ತಪ್ಪು ನಂದು."

ಎಲ್ಲರೂ ಮುನಿಶಾಮಪ್ಪನತ್ತ ತಿರುಗಿದರು. ಅವನು ಆಶಾರಾಣಿಯ ಹಿಂದೆ, ಬಾಗಿಲ ಬಳಿ ನಿಂತಿದ್ದ. ಸೋದರಮಾವ ಅಂದ್ರೆ ಹಿಂಗಿರಬೇಕು ಎಂದಿದ್ದ ಹೆಂಗಸರು ಮುಖ ತಿರುಗಿಸಿದರು.

ಗಂಡಿನ ತಂದೆ ಎಲೆ ಬಿಟ್ಟು ಮುಂದೆ ಬಂದರು. "ಡಿಸ್ಕೌಂಟಾದ್ರೆ ಏನಾಯ್ತು ಬೀಗರೇ?" ಎಂದರು. "ನಾವೂ ಧಾರೆ ಸೀರೇನ ಆಷಾಢದ್ ಆಫರ್‌ನಲ್ಲೇ ತಂದಿದ್ದು. ಅದಕ್ಕೆ ನಾಚ್ಕೊಳ್ಳೋದು ಬೇಡ." ಯಾರೋ ಒಬ್ಬರು ನಕ್ಕರು. ಅವರು ನಗಲಿಲ್ಲ. "ಈ ಹುಡುಗನಿಗೆ ಬಿದ್ದಾಗ ನಾವಿಷ್ಟು ಜನ ನಿಂತು ನೋಡಿದ್ವಲ್ಲ, ಅದಕ್ಕೆ ನಾಚ್ಕೋಬೇಕು."

ಸಿದ್ದರಾಜು ಎಲ್ಲವನ್ನೂ ಕೇಳಿಸಿಕೊಂಡ. ತಲೆಯಾಡಿಸಿದ. ಕೌಂಟರಿನ ಪಕ್ಕ ಇಟ್ಟಿದ್ದ ಹೆಲ್ಮೆಟ್ಟು ಎತ್ತಿಕೊಂಡ. ಸಂಜೆಯ ಆರತಕ್ಷತೆಗೆಂದು ಇಸ್ತ್ರಿ ಮಾಡಿಸಿ ತಂದಿದ್ದ ಶರ್ಟಿನ ಕವರನ್ನೂ ಎತ್ತಿಕೊಂಡ.

"ಗುರು, ನಿಂತ್ಕೊಳೋ..." ಸುನಿಲ್ ಎರಡು ಹೆಜ್ಜೆ ಹಿಂದೆ ಹೋದ. ಸಿದ್ದರಾಜು ತಿರುಗಿ ನೋಡಲಿಲ್ಲ. ಗಾಜಿನ ಬಾಗಿಲು ದೂಡಿಕೊಂಡು ಹೊರಟ. ಬೈಕು ಸ್ಟಾರ್ಟಾದ ಸದ್ದು ಒಳಗೆಲ್ಲ ಕೇಳಿಸಿತು.

ಒಳಗೆ ನೂರು ಜನರಿಗೆ ಅಡುಗೆ ಆಗಿತ್ತು. ಊಟ ಮಾಡಿಕೊಂಡು ಹೋಗು ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ.